ಸವಾಯಿ ಗಂಧರ್ವರು

ವೀಣೆಯ ತಂತಿ ಹಳೆಯದಾದರೆ ಅದನ್ನು ಬಿಚ್ಚಿ ಹೊಸ ತಂತಿಯನ್ನು ಬಿಗಿಯಬಹುದು. ಮದ್ದಳೆಯ ಚರ್ಮ ಹರಿದರೆ ಬೇರೆ ಚರ್ಮವನ್ನು ಹೊದಿಸಬಹುದು. ಆದರೆ ಗಾಯಕನ ವಾದ್ಯವಿರುವುದು ಅವನ ದೇಹದಲ್ಲಿ. ದೇಹದೊಡನೆ ಅದು ಬೆಳೆಯುತ್ತದೆ, ಬಲಿಯುತ್ತದೆ, ದಣಿಯುತ್ತದೆ. ಕೊನೆಗೆ ಮುಪ್ಪನ್ನೂ ಪಡೆಯುತ್ತದೆ. ಹತ್ತು ವರ್ಷದ ಬಾಲಕನ ಕಂಠ ಇಪ್ಪತ್ತರ ಹರೆಯದಲ್ಲಿ ಉಳಿಯುವುದಿಲ್ಲ. ಇಪ್ಪತ್ತರ ಕಂಠ ಐವತ್ತರಲ್ಲಿ ಹಾಗೆಯೇ ಇರುವುದಿಲ್ಲ. ಆದುದರಿಂದ ಗಾಯಕನಾದವನು ಒಮ್ಮೆ ಕಲಿತು ನಿಶ್ಚಿಂತನಾಗಿ ಕುಳಿತುಕೊಳ್ಳುವಂತಿಲ್ಲ. ಬದಲಾದ ಕಂಠಕ್ಕೆ ತಕ್ಕಂತೆ ತನ್ನ ಗಾಯನವನ್ನು ಮತ್ತೆ ಮತ್ತೆ ರೂಪಿಸಿಕೊಳ್ಳಬೇಕಾಗುತ್ತದೆ.

ಹಿಂದೂಸ್ತಾನಿ ಸಂಗೀತಕ್ಕೆ ಧಾರವಾಡದ ಸೀಮೆಯು ಕೊಟ್ಟ ಕಾಣಿಕೆ ದೊಡ್ಡದು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಮೊದಲಾದವರ ಹೆಸರುಗಳು ಭಾರತದಾದ್ಯಂತ ಪರಿಚಿತವಾಗಿವೆ. ಇವರೆಲ್ಲರಿಗಿಂತ ಒಂದು ತಲೆಮಾರು ಹಿಂದೆ ಹುಟ್ಟಿ, ಮುಂದಿನವರಿಗೆ ದಾರಿಯನ್ನು ತೋರಿದವರು ಸವಾಯಿ ಗಂಧರ್ವರು. ಅವರ ಬಾಳಿನಲ್ಲಿ ಕಂಠವು ಒಂದಲ್ಲ, ಹಲವು ಸಲ ಬದಲಾಯಿತು. ಒಂದು ಸಲ ವಯಸ್ಸು ಅದನ್ನು ಬದಲಿಸಿತು. ಒಂದು ಸಲ ರಂಗಭೂಮಿ ಬದಲಿಸಿತು. ಕೊನೆಗೆ ವ್ಯಾಧಿಯು ಅದನ್ನು ಮೌನಗೊಳಿಸಿತು. ಆದರೂ ಅವರ ಸಂಗೀತ ನಿಲ್ಲಲಿಲ್ಲ. ಅದು ಹೇಗೆ ಸಾಧ್ಯವಾಯಿತು ಎಂಬುದೇ ಅವರ ಜೀವನದ ಕಥೆ.

ಸವಾಯಿ ಗಂಧರ್ವರ ನಿಜವಾದ ಹೆಸರು ರಾಮಚಂದ್ರ ಗಣೇಶ ಸಂಶಿ. ಅವರು 1886ನೆಯ ಇಸವಿಯ ಜನವರಿ 19ರಂದು ಜನಿಸಿದರು. ಅವರ ಬಾಲ್ಯ ಕಳೆದುದು ಹುಬ್ಬಳ್ಳಿಗೆ ಸಮೀಪದ ಕುಂದಗೋಳದಲ್ಲಿ. ಇಂದು ಧಾರವಾಡ ಜಿಲ್ಲೆಗೆ ಸೇರಿರುವ ಕುಂದಗೋಳ ಆಗ ಜಮಖಂಡಿ ಸಂಸ್ಥಾನದ ಆಳ್ವಿಕೆಗೆ ಒಳಪಟ್ಟಿತ್ತು. ಸುತ್ತಲೂ ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಎರೆಭೂಮಿ. ನಡುವೆ ಚಿಕ್ಕ ಊರು. ಆ ಊರಿನಲ್ಲಿ ನಾಡಿಗೇರ ಮನೆತನದವರ ವಾಡೆಯು ಹೆಸರುವಾಸಿಯಾಗಿತ್ತು. ವಾಡೆಯ ಒಡೆಯರಾದ ರಂಗನಗೌಡ ನಾಡಿಗೇರರು ಸಂಗೀತಪ್ರಿಯರು. ದೂರದೂರದ ಗಾಯಕರು ಅಲ್ಲಿಗೆ ಬಂದು, ತಂಗಿ, ಹಾಡಿ ಹೋಗುತ್ತಿದ್ದರು. ರಾಮಚಂದ್ರನ ತಂದೆ ಗಣೇಶರಾಯರು ಇದೇ ನಾಡಿಗೇರರಲ್ಲಿ ಕಾರಕೂನರಾಗಿದ್ದರು. ಹೀಗಾಗಿ ಬಡ ಕಾರಕೂನನ ಮಗನಿಗೆ ದೊಡ್ಡವರ ಮನೆಯ ಸಂಗೀತವು ಬಾಲ್ಯದಿಂದಲೇ ಕಿವಿಗೆ ಬೀಳುತ್ತಿತ್ತು.

ಬಾಲಕನಿಗೆ ಶಾಲೆಯ ಪಾಠಗಳಲ್ಲಿ ಮನಸ್ಸು ನಿಲ್ಲಲಿಲ್ಲ. ಹಾಡೆಂದರೆ ಮಾತ್ರ ಎಲ್ಲಿಲ್ಲದ ಉತ್ಸಾಹ. ಅವನ ಕಂಠವು ಆಗ ಬಹು ಮಧುರವಾಗಿತ್ತು. ಮಗನ ಒಲವನ್ನು ಕಂಡ ತಂದೆ ಅವನನ್ನು ಬಳವಂತರಾವ್ ಕೊಲ್ಹಟಕರ ಎಂಬ ವಿದ್ವಾಂಸರ ಬಳಿ ಶಿಷ್ಯನನ್ನಾಗಿ ಸೇರಿಸಿದರು. ಹೊಟ್ಟೆಪಾಡಿಗೆ ನೌಕರಿಯನ್ನು ಹಿಡಿಯಬೇಕಾದ ಮನೆಯ ಹುಡುಗನನ್ನು ಸಂಗೀತಕ್ಕೆ ಬಿಡುವುದು ಆ ಕಾಲದಲ್ಲಿ ಸಣ್ಣ ಸಾಹಸವಾಗಿರಲಿಲ್ಲ. ಕೊಲ್ಹಟಕರರು ಹುಡುಗನಿಗೆ ಅನೇಕ ಧ್ರುಪದಗಳನ್ನೂ ತರಾನಾಗಳನ್ನೂ ಕಲಿಸಿದರು. ಬಗೆಬಗೆಯ ತಾಳಗಳ ಲೆಕ್ಕವನ್ನು ಮನಸ್ಸಿನಲ್ಲಿ ಊರಿಸಿದರು. ಆದರೆ 1898ರಲ್ಲಿ ಆ ಗುರುಗಳು ತೀರಿಕೊಂಡರು. ಆಗ ರಾಮಚಂದ್ರನಿಗೆ ಕೇವಲ ಹನ್ನೆರಡು ವರ್ಷ.

ಗುರುವನ್ನು ಕಳೆದುಕೊಂಡ ಹುಡುಗನು ಬಹು ಬೇಗನೆ ಮತ್ತೊಂದು ನಷ್ಟಕ್ಕೂ ಗುರಿಯಾದನು. ಅವನ ಕಂಠ ಒಡೆಯಿತು.

ಕಂಠ ಒಡೆಯುವುದು ರೋಗವಲ್ಲ. ಅದು ಪ್ರಕೃತಿಯ ನಿಯಮ. ಮನುಷ್ಯನ ಗಂಟಲಿನಲ್ಲಿ ಧ್ವನಿಪೆಟ್ಟಿಗೆ ಇದೆ. ಅದರೊಳಗೆ ಎರಡು ಧ್ವನಿತಂತುಗಳಿವೆ. ಶ್ವಾಸಕೋಶದಿಂದ ಮೇಲೇರುವ ಗಾಳಿಯು ಇವುಗಳನ್ನು ಕಂಪಿಸಿದಾಗ ನಾದ ಹುಟ್ಟುತ್ತದೆ. ಚಿಕ್ಕ ಮಕ್ಕಳಲ್ಲಿ ಈ ತಂತುಗಳು ಗಿಡ್ಡವೂ ತೆಳ್ಳಗೂ ಇರುವುದರಿಂದ ಅವು ಸೆಕೆಂಡಿಗೆ ಸುಮಾರು 250ರಿಂದ 300 ಸಲ ಕಂಪಿಸುತ್ತವೆ; ಧ್ವನಿಯು ಎತ್ತರವಾಗಿರುತ್ತದೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹುಡುಗರ ಧ್ವನಿಪೆಟ್ಟಿಗೆ ಒಮ್ಮೆಲೇ ಬೆಳೆಯತೊಡಗುತ್ತದೆ. ತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ಕಂಪನಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಧ್ವನಿಯು ಒಂದು ಸ್ಥಾಯಿಯಷ್ಟು ಕೆಳಗೆ ಹೋಗುತ್ತದೆ. ಹುಡುಗಿಯರಲ್ಲಿಯೂ ಬದಲಾವಣೆ ಉಂಟಾಗುತ್ತದೆ. ಆದರೆ ಅದು ಅಷ್ಟು ದೊಡ್ಡದಲ್ಲ. ಈ ಸಂಧಿಕಾಲದಲ್ಲಿ ಕಂಠವು ಹೇಳಿದಂತೆ ಕೇಳುವುದಿಲ್ಲ. ಒಂದು ಸ್ವರವನ್ನು ಎತ್ತಿದರೆ ಮತ್ತೊಂದು ಹೊರಡುತ್ತದೆ. ನಾಟಕ ಮಂಡಳಿಗಳಲ್ಲಿ ಮಧುರವಾಗಿ ಹಾಡಿ ಹೆಸರು ಮಾಡಿದ ಎಷ್ಟೋ ಬಾಲನಟರು ಈ ವಯಸ್ಸಿನಲ್ಲಿ ಕಂಠವನ್ನೂ ಕೆಲಸವನ್ನೂ ಒಟ್ಟಿಗೆ ಕಳೆದುಕೊಂಡದ್ದುಂಟು.

ರಾಮಚಂದ್ರನ ಹೊಸ ಕಂಠವು ಹಳೆಯದರಂತೆ ಇರಲಿಲ್ಲ. ಅದು ಭಾರವಾಗಿತ್ತು, ಒರಟಾಗಿತ್ತು, ಸುಲಭವಾಗಿ ಬಾಗುತ್ತಿರಲಿಲ್ಲ. ಜನರು ಮೆಚ್ಚಿದ್ದ ಬಾಲಕಂಠದ ಮಾಧುರ್ಯ ಅದರಲ್ಲಿ ಕಾಣಿಸಲಿಲ್ಲ. ಕಂಠದ ಸಿರಿಯನ್ನೇ ನಂಬಿದ್ದ ಹುಡುಗನಾಗಿದ್ದರೆ ಅಲ್ಲಿಗೆ ಸಂಗೀತವನ್ನು ಕೈಬಿಡುತ್ತಿದ್ದನು. ಆದರೆ ಅವನಿಗೆ ಸಂಗೀತವು ಕಂಠಕ್ಕಿಂತ ದೊಡ್ಡದಾಗಿ ಕಂಡಿತ್ತು. ಇಂಥ ಸ್ಥಿತಿಯಲ್ಲಿದ್ದವನಿಗೆ ದೊರೆತವರು ಉಸ್ತಾದ್ ಅಬ್ದುಲ್ ಕರೀಂ ಖಾನ್.

ಖಾನ್ ಸಾಹೇಬರು ಉತ್ತರ ಪ್ರದೇಶದ ಕೈರಾನಾ ಎಂಬ ಊರಿನವರು. ಆ ಊರಿನ ಹೆಸರಿನಿಂದಲೇ ಅವರ ಗಾಯನ ಪರಂಪರೆಗೆ ಕಿರಾಣಾ ಘರಾಣೆ ಎಂಬ ಹೆಸರು ಬಂದಿತು. ಒಂದೊಂದು ಸ್ವರವನ್ನೂ ಅದರ ನಿಖರವಾದ ಸ್ಥಾನದಲ್ಲಿ ನಿಲ್ಲಿಸಿ, ನಿಧಾನವಾಗಿ ಆಲಾಪಿಸುತ್ತ ರಾಗದ ರೂಪವನ್ನು ಅರಳಿಸುವುದು ಈ ಘರಾಣೆಯ ವೈಶಿಷ್ಟ್ಯ. ಖಾನ್ ಸಾಹೇಬರು ಮೈಸೂರಿನ ಅರಮನೆಗೆ ಹೋಗಿಬರುವಾಗ ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಯು ಅವರಿಗೆ ಪ್ರಿಯವಾದ ತಾಣವಾಗಿತ್ತು. ಅಲ್ಲಿ ಅವರ ಗಾಯನವನ್ನು ಕೇಳಿದ ರಾಮಚಂದ್ರನು ಅವರಿಗೆ ಮಾರುಹೋದನು. ಖಾನ್ ಸಾಹೇಬರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಆದರೆ ಎಂಟು ವರ್ಷಗಳ ಕಾಲ ತಮ್ಮ ಬಳಿಯಲ್ಲಿಯೇ ಇದ್ದು ಕಲಿಯಬೇಕೆಂಬ ನಿಬಂಧನೆಯನ್ನು ಹಾಕಿದರು.

ಇಲ್ಲಿಂದ ಮುಂದೆ ನಡೆದುದು ಕಠಿಣವಾದ ತಪಸ್ಸು. ಬೆಳಗಿನ ಜಾವದಲ್ಲಿ ಎದ್ದು ತಂಬೂರಿಯ ಶ್ರುತಿಗೆ ಮಂದ್ರ ಷಡ್ಜವನ್ನು ಹಿಡಿದು ಸಾಧಿಸುವುದು, ಒಂದೊಂದೇ ಸ್ವರವನ್ನು ಉಸಿರು ಮುಗಿಯುವ ತನಕ ನಿಲ್ಲಿಸುವುದು, ಕೆಲವೇ ರಾಗಗಳನ್ನು ದೀರ್ಘಕಾಲ ತಿದ್ದುವುದು, ಇವು ಈ ಘರಾಣೆಯ ಅಭ್ಯಾಸದ ಕ್ರಮ. ಹೊಸ ಹೊಸ ಚೀಜುಗಳನ್ನು ಕಲಿಯುವ ಆತುರಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಒರಟಾದ ಕಂಠವನ್ನು ಹದಗೊಳಿಸಲು ಬೇರೆ ಹತ್ತಿರದ ದಾರಿಯೂ ಇರಲಿಲ್ಲ.

ಶಿಷ್ಯನ ಮುಂದೆ ಒಂದು ದೊಡ್ಡ ಸಮಸ್ಯೆ ಇತ್ತು. ಖಾನ್ ಸಾಹೇಬರ ಕಂಠವು ತೆಳ್ಳಗಿನದು, ಎತ್ತರದ್ದು, ಜೇನಿನಂತೆ ಸವಿಯಾದದ್ದು. ಎಳೆ ಎಳೆಯಾಗಿ ಹರಿಯುವ ಆ ನಾದವನ್ನು ಶಿಷ್ಯನ ದಪ್ಪ ಕಂಠದಿಂದ ಹಾಗೆಯೇ ಹೊರಡಿಸುವುದು ಅಸಾಧ್ಯವಾಗಿತ್ತು. ಗುರುವಿನ ಧ್ವನಿಯನ್ನು ಅನುಕರಿಸಲು ಹೊರಟ ಶಿಷ್ಯರು ತಮ್ಮ ಧ್ವನಿಯನ್ನೂ ಕಳೆದುಕೊಂಡು ಗುರುವಿನ ಧ್ವನಿಯನ್ನೂ ಪಡೆಯದೆ ಹೋಗುವುದುಂಟು. ರಾಮಚಂದ್ರನು ಹಾಗೆ ಮಾಡಲಿಲ್ಲ. ಗುರುವಿನಿಂದ ಅವನು ಪಡೆದುದು ಸ್ವರದ ನಿಖರತೆ, ರಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕ್ರಮ ಮತ್ತು ತಾಳ್ಮೆ. ಅವುಗಳನ್ನು ತನ್ನ ಕಂಠಕ್ಕೆ ಒಗ್ಗಿಸಿಕೊಂಡನು. ಗುರುವಿನ ಗಾಯನದಲ್ಲಿ ಕೋಮಲವಾಗಿದ್ದುದು ಶಿಷ್ಯನ ಗಾಯನದಲ್ಲಿ ಗಂಭೀರವಾಯಿತು. ಮಾರ್ಗವೊಂದೇ, ನಡಿಗೆ ಬೇರೆ.

ಶಿಕ್ಷಣ ಮುಗಿದ ಮೇಲೆ ರಾಮಚಂದ್ರರು, ಅಂದರೆ ಜನರು ಪ್ರೀತಿಯಿಂದ ಕರೆಯುತ್ತಿದ್ದ ರಾಮಭಾವು ಕುಂದಗೋಳಕರರು, ಹಿಡಿದ ದಾರಿ ಗುರುವಿಗೆ ಮೆಚ್ಚಿಗೆಯಾಗಲಿಲ್ಲ. ಅವರು ಮರಾಠಿ ಸಂಗೀತ ನಾಟಕ ಮಂಡಳಿಯನ್ನು ಸೇರಿದರು. ಆಗಿನ ದಿನಗಳಲ್ಲಿ ಸಂಗೀತ ನಾಟಕಗಳಿಗೆ ಇದ್ದ ಆಕರ್ಷಣೆಯನ್ನು ಇಂದು ಊಹಿಸುವುದು ಕಷ್ಟ. ಈ ರಂಗಭೂಮಿಯ ಬೇರು ಕನ್ನಡ ನಾಡಿನಲ್ಲಿಯೂ ಇದೆ. ಹೊನ್ನಾವರದ ಸಮೀಪದ ಕರ್ಕಿಯ ಯಕ್ಷಗಾನ ಮೇಳವು ಸಾಂಗಲಿಗೆ ಹೋಗಿ ಆಟವನ್ನು ಪ್ರದರ್ಶಿಸಿತು. ಅದನ್ನು ನೋಡಿದ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯ ಮೊದಲ ನಾಟಕವನ್ನು ಆಡಿಸಿದರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಶಾಕುಂತಲವನ್ನು ರಂಗಕ್ಕೆ ತಂದು ಸಂಗೀತ ನಾಟಕದ ಯುಗವನ್ನು ಆರಂಭಿಸಿದರು. ಸ್ತ್ರೀಯರು ರಂಗವನ್ನು ಏರದಿದ್ದ ಕಾಲವಾದುದರಿಂದ ಸ್ತ್ರೀಪಾತ್ರಗಳನ್ನು ಪುರುಷರೇ ಧರಿಸಿ ಹಾಡುತ್ತಿದ್ದರು. ರಾಮಭಾವು ಅವರೂ ಸ್ತ್ರೀಪಾತ್ರಗಳಲ್ಲಿಯೇ ಹೆಸರನ್ನು ಗಳಿಸಿದರು.

ನಾಟಕದ ಗಾಯನವು ಕಂಠಕ್ಕೆ ಒಡ್ಡುವ ಪರೀಕ್ಷೆಯೇ ಬೇರೆ. ಆಗ ಧ್ವನಿವರ್ಧಕಗಳಿರಲಿಲ್ಲ. ಉಡುಪಿ, ಕಾಪು, ಕಾರ್ಕಳದ ಬಯಲುಗಳಲ್ಲಿ ಯಕ್ಷಗಾನದ ಭಾಗವತರು ಚೆಂಡೆಯ ಅಬ್ಬರವನ್ನು ಮೀರಿ ಬೆಳಗಿನವರೆಗೆ ಹಾಡಬೇಕಾಗಿದ್ದಂತೆ, ನಾಟಕದ ನಟರೂ ತಗಡಿನ ಮಂಟಪದ ಕೊನೆಯ ಸಾಲಿನವರಿಗೆ ಕೇಳುವಂತೆ ಹಾಡಬೇಕಾಗಿತ್ತು. ಸ್ವರವು ಎತ್ತರದಲ್ಲಿರಬೇಕು, ಮಾತು ಸ್ಪಷ್ಟವಾಗಿರಬೇಕು, ಹಾಡು ಕೆಲವೇ ನಿಮಿಷಗಳಲ್ಲಿ ಮನಸ್ಸನ್ನು ಸೆರೆಹಿಡಿಯಬೇಕು. ಪ್ರೇಕ್ಷಕರು ಮೆಚ್ಚಿದರೆ ಅದೇ ಹಾಡನ್ನು ಮತ್ತೆ ಮತ್ತೆ ಹಾಡಬೇಕು. ಗಂಟೆಗಟ್ಟಲೆ ಒಂದೇ ರಾಗವನ್ನು ವಿಸ್ತರಿಸಲು ಕಲಿತಿದ್ದ ರಾಮಭಾವು ಅವರು ಇಲ್ಲಿ ಅದೇ ರಾಗದ ಸಾರವನ್ನು ಚಿಕ್ಕ ಪಾತ್ರೆಯಲ್ಲಿ ತುಂಬಿಕೊಡಲು ಕಲಿತರು. ಭಾರವಾದ ಕಂಠದಿಂದ ನಾಯಿಕೆಯ ಅಳಲನ್ನೂ ಒಲವನ್ನೂ ಹೊರಹೊಮ್ಮಿಸಲು ಕಲಿತರು. ಭಾವವನ್ನು ಮಾತಿನ ಮೂಲಕ ಮುಟ್ಟಿಸುವ ಈ ಗುಣ ಮುಂದೆ ಅವರ ಠುಮರಿ ಮತ್ತು ಖಯಾಲ್ ಗಾಯನದಲ್ಲಿಯೂ ಉಳಿಯಿತು.

ಆ ಕಾಲದ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರೆಂದು ಪ್ರಸಿದ್ಧರಾಗಿದ್ದ ನಾರಾಯಣ ಶ್ರೀಪಾದ ರಾಜಹಂಸರ ಕೀರ್ತಿಗೆ ಎಣೆಯಿರಲಿಲ್ಲ. ರಾಮಭಾವು ಅವರ ಗಾಯನವನ್ನು ಕೇಳಿ ಮೆಚ್ಚಿದ ರಸಿಕರು ಅವರಿಗೆ ಸವಾಯಿ ಗಂಧರ್ವ ಎಂಬ ಬಿರುದನ್ನು ಕೊಟ್ಟರು. ಅಮರಾವತಿಯ ದಾದಾಸಾಹೇಬ ಖಾಪರ್ಡೆಯವರು ಈ ಬಿರುದನ್ನು ನೀಡಿದರೆಂದು ಪ್ರತೀತಿ. ಸವಾಯಿ ಎಂದರೆ ಒಂದೂಕಾಲು ಪಾಲು. ಇದ್ದುದಕ್ಕಿಂತ ಕಾಲು ಪಾಲು ಹೆಚ್ಚು ಎಂದರ್ಥ. ಮುಂದೆ ಜನರು ಅವರ ಹುಟ್ಟು ಹೆಸರನ್ನು ಮರೆತರು. ಬಿರುದೇ ಹೆಸರಾಗಿ ಉಳಿಯಿತು.

ಕೀರ್ತಿಯೊಡನೆ ನಷ್ಟವೂ ಇತ್ತು. ನಾಟಕದ ಹಾಡುಗಾರಿಕೆಯಿಂದ ಶಿಷ್ಯನ ಸಾಧನೆ ಹಾಳಾದೀತೆಂಬುದು ಖಾನ್ ಸಾಹೇಬರ ಅಸಮಾಧಾನಕ್ಕೆ ಕಾರಣವಾಗಿತ್ತು. ಆ ಅಂಜಿಕೆ ನಿರಾಧಾರವಾದುದೇನೂ ಅಲ್ಲ. ರಾತ್ರಿಯಿಡೀ ಎತ್ತರದ ಶ್ರುತಿಯಲ್ಲಿ ಹಾಡುವುದು, ಊರಿಂದೂರಿಗೆ ಅಲೆಯುವುದು, ನಿದ್ರೆಗೆಡುವುದು, ಇವುಗಳಿಂದ ಕಂಠ ಬಳಲುತ್ತದೆ. ಚಪ್ಪಾಳೆಯ ರುಚಿ ಹತ್ತಿದ ಗಾಯಕನಿಗೆ ನಿಧಾನದ ಆಲಾಪದಲ್ಲಿ ಸಹನೆ ಉಳಿಯುವುದೂ ಕಷ್ಟ. ಆದರೆ ಸವಾಯಿ ಗಂಧರ್ವರು ಗುರುವಿನಿಂದ ಪಡೆದುದನ್ನು ಕಳೆದುಕೊಳ್ಳಲಿಲ್ಲ. ರಂಗಭೂಮಿಯಲ್ಲಿ ಹಾಡುತ್ತಿದ್ದರೂ ಅವರ ಅಂತರಂಗದಲ್ಲಿ ಖಯಾಲ್ ಗಾಯನವು ಜೀವಂತವಾಗಿಯೇ ಇತ್ತು. ವರ್ಷಗಳು ಉರುಳಿದ ಮೇಲೆ ಅವರು ನಾಟಕಗಳನ್ನು ಬಿಟ್ಟು ಸಂಗೀತ ಸಭೆಗಳಿಗೆ ಮರಳಿದರು.

ಹೀಗೆ ಮರಳಿದಾಗ ಅವರು ನಡುವಯಸ್ಸನ್ನು ಮುಟ್ಟಿದ್ದರು. ಕಂಠವು ಮತ್ತಷ್ಟು ಬಲಿತಿತ್ತು, ತಕ್ಷಣ ಒಲಿಯುತ್ತಿರಲಿಲ್ಲ. ಸಭೆಯಲ್ಲಿ ಹಾಡಲು ಕುಳಿತಾಗ ಮೊದಲಿಗೆ ಸ್ವರ ಸಲೀಸಾಗಿ ಹೊರಡುತ್ತಿರಲಿಲ್ಲ. ಅವರ ಗಾಯನವನ್ನು ಮೊದಲ ಸಲ ಕೇಳುವವರು ಇಷ್ಟು ದೊಡ್ಡ ಹೆಸರಿನ ಗಾಯಕರು ಇವರೇ ಏನು ಎಂದು ಸಂಶಯಪಡುವಂತಿರುತ್ತಿತ್ತು. ಆದರೆ ಅವರು ಆತುರಪಡುತ್ತಿರಲಿಲ್ಲ. ವಿಲಂಬಿತ ಲಯದಲ್ಲಿ ಮಂದ್ರದ ಸ್ವರಗಳನ್ನು ಒಂದೊಂದಾಗಿ ಮುಟ್ಟುತ್ತ, ಕಂಠವನ್ನು ಕಾಯಿಸುತ್ತ ಹೋಗುತ್ತಿದ್ದರು. ಕುಲುಮೆಯಲ್ಲಿಟ್ಟ ಕಬ್ಬಿಣವು ಮೊದಲು ಕಪ್ಪಾಗಿದ್ದು ಬರಬರುತ್ತ ಕೆಂಪೇರುವಂತೆ ಅವರ ಧ್ವನಿ ಕಾವೇರುತ್ತಿತ್ತು. ಒಮ್ಮೆ ಕಂಠ ತೆರೆದುಕೊಂಡಿತೆಂದರೆ ಸಭೆಯು ಕಾಲವನ್ನು ಮರೆಯುತ್ತಿತ್ತು. ತಾರಸ್ಥಾಯಿಯ ಷಡ್ಜದಲ್ಲಿ ಅವರು ನಿಂತಾಗ, ಅಲ್ಲಿಯವರೆಗೆ ಪಟ್ಟ ಶ್ರಮವೆಲ್ಲ ಆ ಒಂದು ಸ್ವರಕ್ಕಾಗಿಯೇ ಎಂಬಂತೆ ಭಾಸವಾಗುತ್ತಿತ್ತು. ಸುಲಭವಾಗಿ ಸಿಗದ ಕಂಠವೇ ಅವರ ಗಾಯನಕ್ಕೆ ಒಂದು ಕ್ರಮವನ್ನು ಕಲಿಸಿತ್ತು. ಕೊರತೆಯಾಗಿದ್ದುದು ಶೈಲಿಯಾಗಿ ಮಾರ್ಪಟ್ಟಿತ್ತು.

ಅವರ ಗಾಯನದ ಕೆಲವು ಗ್ರಾಮಾಫೋನ್ ತಟ್ಟೆಗಳು ಇಂದಿಗೂ ಉಳಿದಿವೆ. ನಿಮಿಷಕ್ಕೆ 78 ಸಲ ಸುತ್ತುವ ಆ ತಟ್ಟೆಗಳ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರೂವರೆ ನಿಮಿಷಗಳ ಗಾಯನ ಮಾತ್ರ. ಕಂಠ ಕಾವೇರಲು ಬಹಳ ಹೊತ್ತು ಬೇಕಾಗಿದ್ದ ಗಾಯಕರನ್ನು ಮೂರೂವರೆ ನಿಮಿಷಗಳಲ್ಲಿ ಹಿಡಿದಿಡುವುದೆಂದರೆ, ಹೊಳೆಯ ನೀರನ್ನು ಬೊಗಸೆಯಲ್ಲಿ ಹಿಡಿದಂತೆಯೇ ಸರಿ. ನಾಟಕದ ಅನುಭವವಿದ್ದುದರಿಂದ ಅವರು ಆ ಅಲ್ಪಾವಧಿಯಲ್ಲಿಯೂ ರಾಗದ ರೂಪವನ್ನು ತೋರಿಸಬಲ್ಲವರಾಗಿದ್ದರು. ಆದರೂ ಅವರ ಗಾಯನದ ಪೂರ್ಣತೆಯನ್ನು ಬಲ್ಲವರು ಎದುರು ಕುಳಿತು ಕೇಳಿದವರು ಮಾತ್ರ. ಅದನ್ನು ಮುಂದಿನವರಿಗೆ ಮುಟ್ಟಿಸಿದುದು ತಟ್ಟೆಗಳಿಗಿಂತ ಹೆಚ್ಚಾಗಿ ಶಿಷ್ಯರ ಕಂಠಗಳು.

1937ರ ಅಕ್ಟೋಬರಿನಲ್ಲಿ ಅಬ್ದುಲ್ ಕರೀಂ ಖಾನ್ ಸಾಹೇಬರು ದಕ್ಷಿಣದ ಪ್ರವಾಸದಲ್ಲಿದ್ದಾಗ ತೀರಿಕೊಂಡರು. ಅವರ ಪರಂಪರೆಯನ್ನು ಮುಂದುವರಿಸುವ ಹೊಣೆಯ ಬಹುಭಾಗ ಸವಾಯಿ ಗಂಧರ್ವರ ಮೇಲೆ ಬಿದ್ದಿತು. ಆ ವೇಳೆಗೆ ಕುಂದಗೋಳದ ಅವರ ಮನೆಯು ಒಂದು ಗುರುಕುಲವಾಗಿ ಪರಿಣಮಿಸಿತ್ತು.

ಗದಗಿನ ಮನೆಯನ್ನು ಬಿಟ್ಟು ಗುರುವನ್ನು ಹುಡುಕುತ್ತ ಉತ್ತರ ಭಾರತವನ್ನೆಲ್ಲ ಅಲೆದು ಬಂದಿದ್ದ ಭೀಮಸೇನ ಜೋಶಿ ಎಂಬ ಹುಡುಗನು 1936ರಲ್ಲಿ ಅವರ ಆಶ್ರಯಕ್ಕೆ ಬಂದನು. ಅವನಿಗೆ ಆಗ ಹದಿನಾಲ್ಕು ವರ್ಷ. ಕಂಠವು ಒಡೆಯುವ ವಯಸ್ಸು. ಗುರುಗಳು ತಾವೇ ಅನುಭವಿಸಿದ್ದ ಸಂಕಟವು ಶಿಷ್ಯನಿಗೂ ಬಂದೊದಗಿತ್ತು. ಮನೆಗೆ ನೀರು ಹೊರುವುದೇ ಮೊದಲಾದ ಕೆಲಸಗಳನ್ನು ಮಾಡುತ್ತ ಹುಡುಗನು ಗುರುಸೇವೆಯಲ್ಲಿ ತೊಡಗಿದನು. ಗುರುಗಳು ಅವನಿಗೆ ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ ಎಂದು ಮೂರೇ ರಾಗಗಳನ್ನು ಬಹುಕಾಲ ತಿದ್ದಿದರು. ಈ ಮೂರರಲ್ಲಿ ಸ್ವರಗಳ ಸೂಕ್ಷ್ಮ ಸ್ಥಾನಗಳು ಸಿದ್ಧಿಸಿದರೆ ಉಳಿದ ರಾಗಗಳು ತಾವಾಗಿ ಒಲಿಯುತ್ತವೆ ಎಂಬುದು ಅವರ ನಂಬಿಕೆ. ಒಡೆದ ಕಂಠವು ಈ ಸಾಧನೆಯಲ್ಲಿ ಪಳಗಿ, ಮುಂದೆ ಇಡೀ ದೇಶವೇ ತಲೆದೂಗುವಂಥ ಗಂಭೀರ ನಾದವಾಯಿತು.

ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಳ್ಳುತ್ತಿದ್ದರು. ಮನೆಯ ಹೊಣೆ, ಮಕ್ಕಳ ಪಾಲನೆ, ಸಮಾಜದ ತಾತ್ಸಾರ, ಇವೆಲ್ಲವನ್ನೂ ಸಹಿಸಿ ಅವರು ನಡೆಸಿದ ಈ ಪ್ರಯಾಣವು ನಿಷ್ಠೆಗೆ ನಿದರ್ಶನ. ಗುರುಗಳು ಒಂದೇ ಸ್ವರಪುಂಜವನ್ನು ಮನಸ್ಸಿಗೆ ಒಪ್ಪುವ ತನಕ ಮತ್ತೆ ಮತ್ತೆ ಹಾಡಿಸುತ್ತಿದ್ದರು. ಗಂಗೂಬಾಯಿಯವರ ಬಾಳಿನಲ್ಲಿಯೂ ಕಂಠವು ಮಾರ್ಪಟ್ಟಿತು. ಅವರ ಮೊದಲ ಗ್ರಾಮಾಫೋನ್ ತಟ್ಟೆಗಳಲ್ಲಿ ಕೇಳಿಬರುವುದು ಎತ್ತರದ, ನವಿರಾದ ಸ್ತ್ರೀಕಂಠ. ಗಂಟಲಿನ ಚಿಕಿತ್ಸೆಯಾದ ನಂತರ ಆ ಕಂಠವು ಗಡುಸಾಗಿ, ಪುರುಷಕಂಠದಷ್ಟು ತಗ್ಗಿತು. ಇನ್ನೊಬ್ಬರಾಗಿದ್ದರೆ ಎದೆಗುಂದಿ ಹಾಡುವುದನ್ನೇ ನಿಲ್ಲಿಸುತ್ತಿದ್ದರೋ ಏನೋ. ಆದರೆ ಭಾರವಾದ ಕಂಠದಲ್ಲಿ ಸಂಗೀತವು ಎಷ್ಟು ಎತ್ತರಕ್ಕೆ ಏರಬಲ್ಲುದೆಂಬುದಕ್ಕೆ ಅವರ ಗುರುಗಳೇ ಸಾಕ್ಷಿಯಾಗಿದ್ದರು. ಗಂಗೂಬಾಯಿಯವರು ತಗ್ಗಿದ ಕಂಠವನ್ನೇ ಒಪ್ಪಿಕೊಂಡು, ಅದಕ್ಕೊಪ್ಪುವ ಘನವಾದ ಗಾಯನವನ್ನು ರೂಢಿಸಿಕೊಂಡರು; ತೊಂಬತ್ತು ದಾಟಿದ ಮೇಲೆಯೂ ಹಾಡಿದರು.

ಮುಂಬಯಿಯ ಫಿರೋಜ್ ದಸ್ತೂರರು ಇವರಿಬ್ಬರಿಗಿಂತ ಭಿನ್ನ. ಅವರ ಕಂಠವು ತೆಳುವಾಗಿ ಮೃದುವಾಗಿದ್ದು ಅಬ್ದುಲ್ ಕರೀಂ ಖಾನ್ ಸಾಹೇಬರ ಗಾಯನವನ್ನು ನೆನಪಿಗೆ ತರುತ್ತಿತ್ತು. ಒಬ್ಬ ಗುರುವಿನ ಈ ಮೂವರು ಶಿಷ್ಯರ ಧ್ವನಿಗಳಲ್ಲಿ ಒಂದಕ್ಕೊಂದು ಹೋಲಿಕೆ ಇಲ್ಲ. ಮೂವರಲ್ಲಿಯೂ ಕಿರಾಣಾ ಘರಾಣೆಯ ಸ್ವರನಿಷ್ಠೆ ಮಾತ್ರ ಒಂದೇ. ತನ್ನ ಕಂಠವನ್ನು ಶಿಷ್ಯರ ಮೇಲೆ ಹೇರದೆ, ಅವರವರ ಕಂಠದಲ್ಲಿಯೇ ಸಂಗೀತವನ್ನು ಅರಳಿಸಿದ ಗುರುವಿನ ದೊಡ್ಡತನ ಇಲ್ಲಿ ವ್ಯಕ್ತವಾಗುತ್ತದೆ. ಒಮ್ಮೆ ಕಂಠವನ್ನು ಕಳೆದುಕೊಂಡು ಮತ್ತೆ ಕಟ್ಟಿಕೊಂಡವರಿಗೆ ಮಾತ್ರ ಇಂಥ ವಿವೇಕ ಬರುತ್ತದೆ.

ಸಾಧನೆಯು ಪಕ್ವವಾಗಿದ್ದ ಈ ಕಾಲದಲ್ಲಿಯೇ ವಿಧಿಯು ಅವರನ್ನು ಮತ್ತೊಮ್ಮೆ ಪರೀಕ್ಷಿಸಿತು. 1942ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಸಭೆಗಳಲ್ಲಿ ಹಾಡುವುದು ಅಲ್ಲಿಗೆ ಕೊನೆಗೊಂಡಿತು. ಹುಡುಗತನದಲ್ಲಿ ಒಡೆದ ಕಂಠವನ್ನು ವರ್ಷಗಳ ಶ್ರಮದಿಂದ ಸರಿಪಡಿಸಿಕೊಂಡಿದ್ದರು; ಈಗ ಅಂಥ ಶ್ರಮಕ್ಕೂ ದೇಹವು ಅವಕಾಶ ಕೊಡಲಿಲ್ಲ. ತಾನು ಕಟ್ಟಿದ ಮನೆಯ ಬಾಗಿಲು ತನಗೇ ಮುಚ್ಚಿದಂತಹ ಸ್ಥಿತಿ ಅದು. ಆದರೂ ಅವರು ಸಂಗೀತದಿಂದ ವಿಮುಖರಾಗಲಿಲ್ಲ. ಶಿಷ್ಯರ ಗಾಯನವನ್ನು ಕೇಳುವುದು, ತಪ್ಪಿದಲ್ಲಿ ತಿದ್ದುವುದು, ದಾರಿ ತೋರುವುದು ನಡೆದೇ ಇತ್ತು. ಗಾಯಕನ ಬಾಯಿ ಮೌನವಾದರೂ ಗುರುವಿನ ಕಿವಿ ಎಚ್ಚರವಾಗಿತ್ತು.

1946ರಲ್ಲಿ ಅವರಿಗೆ ಅರವತ್ತು ವರ್ಷ ತುಂಬಿದಾಗ ಪುಣೆಯಲ್ಲಿ ಸಮಾರಂಭ ಏರ್ಪಟ್ಟಿತು. ಅಂದು ಅವರ ಶಿಷ್ಯ ಭೀಮಸೇನ ಜೋಶಿಯವರು ಹಾಡಿದರು. ಇಪ್ಪತ್ತನಾಲ್ಕರ ಆ ತರುಣನ ಗಾಯನವು ರಸಿಕರನ್ನು ಬೆರಗುಗೊಳಿಸಿತು. ಅವರ ಕೀರ್ತಿಗೆ ಅಂದಿನ ಸಭೆಯು ಭದ್ರವಾದ ತಳಹದಿಯಾಯಿತು. ಹಾಡಲಾರದ ಗುರುವಿಗೆ ಶಿಷ್ಯನು ಸಲ್ಲಿಸಬಹುದಾದ ಕಾಣಿಕೆ ಅದಕ್ಕಿಂತ ಹಿರಿದಾದುದು ಬೇರೆ ಇರಲಾರದು. ತನ್ನ ಕಂಠದಲ್ಲಿ ನಿಂತುಹೋಗಿದ್ದ ಸಂಗೀತವು ಮತ್ತೊಂದು ಕಂಠದಲ್ಲಿ ಹರಿಯುತ್ತಿರುವುದನ್ನು ಕೇಳುವ ಭಾಗ್ಯ ಅವರಿಗೆ ಲಭಿಸಿತು.

1952ನೆಯ ಇಸವಿಯ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ನಿಧನ ಹೊಂದಿದರು. ಮರುವರ್ಷವೇ, ಅಂದರೆ 1953ರಲ್ಲಿ, ಅವರ ಪುಣ್ಯತಿಥಿಯ ನಿಮಿತ್ತ ಶಿಷ್ಯರು ಪುಣೆಯಲ್ಲಿ ಸಂಗೀತೋತ್ಸವವನ್ನು ಆರಂಭಿಸಿದರು. ಚಿಕ್ಕದಾಗಿ ಮೊದಲಾದ ಆ ಉತ್ಸವವು ಭೀಮಸೇನ ಜೋಶಿಯವರ ಪರಿಶ್ರಮದಿಂದ ಬೆಳೆದು ಭಾರತದ ಅತಿ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದಾಯಿತು. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಅವರ ಪುಣ್ಯತಿಥಿಯಂದು ಅಹೋರಾತ್ರಿ ಸಂಗೀತ ಸೇವೆ ನಡೆಯುವ ಸಂಪ್ರದಾಯ ಬೆಳೆಯಿತು. ದೇಶದ ಶ್ರೇಷ್ಠ ಗಾಯಕರು ಆ ಚಿಕ್ಕ ಊರಿಗೆ ಬಂದು, ಬಾಲಕ ರಾಮಚಂದ್ರನು ಖಾನ್ ಸಾಹೇಬರ ಹಾಡನ್ನು ಕೇಳಿದ ಸ್ಥಳದಲ್ಲಿಯೇ ಕುಳಿತು ಹಾಡಿದರು. ಹುಬ್ಬಳ್ಳಿಯಲ್ಲಿ ಅವರ ಹೆಸರಿನ ಕಲಾಮಂದಿರವು ನಿರ್ಮಾಣವಾಯಿತು. ಅವರ ಶಿಷ್ಯೆ ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿಯೂ, ಶಿಷ್ಯ ಭೀಮಸೇನರಿಗೆ 2008ರಲ್ಲಿ ರಾಷ್ಟ್ರದ ಅತ್ಯುನ್ನತ ಗೌರವವಾದ ಭಾರತರತ್ನವೂ ಸಂದವು.

ಸವಾಯಿ ಗಂಧರ್ವರಿಗೆ ಕಂಠವು ಹುಟ್ಟಿನಿಂದ ಕೊನೆಯವರೆಗೆ ಉಳಿದ ವರವಾಗಿರಲಿಲ್ಲ. ಬಾಲ್ಯದ ಇನಿದನಿಯನ್ನು ವಯಸ್ಸು ಕಸಿದುಕೊಂಡಿತು. ಉಳಿದ ಒರಟು ದನಿಯನ್ನು ಅವರು ಸಾಧನೆಯಿಂದ ಹದಗೊಳಿಸಿದರು. ರಂಗಭೂಮಿಯಲ್ಲಿ ಅದಕ್ಕೆ ಭಾವವನ್ನು ತುಂಬಿದರು. ಸಂಗೀತ ಸಭೆಯಲ್ಲಿ ಅದಕ್ಕೆ ಗಾಂಭೀರ್ಯವನ್ನು ತಂದರು. ಆ ದನಿಯೂ ಅಡಗಿದಾಗ ಶಿಷ್ಯರ ಕಂಠಗಳಲ್ಲಿ ನೆಲೆ ನಿಂತರು. ಕಂಠವು ಕಾಲಕ್ಕೆ ಅಧೀನ. ಅದನ್ನು ಯಾರೂ ತಡೆಯಲಾರರು. ಆದರೆ ಬದಲಾವಣೆಯನ್ನು ಶಪಿಸುತ್ತ ಕೂರದೆ, ಇರುವ ಕಂಠದಲ್ಲಿಯೇ ಸತ್ಯವಾದ ಸ್ವರವನ್ನು ಹುಡುಕುವ ಸಾಧಕನಿಗೆ ಕಾಲವೂ ಕೊನೆಗೆ ನೆರವಾಗುತ್ತದೆ. ಕುಂದಗೋಳದ ಕಾರಕೂನರ ಮಗನ ಬಾಳು ಇದಕ್ಕೆ ಉಜ್ವಲವಾದ ನಿದರ್ಶನವಾಗಿದೆ.